ತುಂಬುತೋಳಿನ ಅಂಗಿ

ಕ್ಲಚ್ಚು ಸುಟ್ಟ ವಾಸನೆ, ಮತ್ತೆ ಅದೇ, ಕಾರು ಕಲಿಯಲು ಬಂದ ಬೇಕರಿಯವರ ಎಡಗಾಲು ಪೆಡಲಿನ ಮೇಲೆ ನಿದ್ದೆ ಹೋಗಿದೆ, ಕಾಲು ಎತ್ತಿ ಸರ್, ನಿಧಾನ, ಅವಸರ ಏನಿಲ್ಲ — ಎಷ್ಟು ಮೆತ್ತಗೆ ಬರುತ್ತದೆ ಈ ಮಾತು ತನ್ನ ಬಾಯಿಂದ ಎಂದು ಅವಳಿಗೇ ಸೋಜಿಗ, ಅರ್ಧ ಊರಿಗೆ ಕಾರು ಕಲಿಸಿದ ಬಾಯಿ, ಗೇರನ್ನು ಕರಕರ ಕಡಿದವರಿಗೆ, ಸಿಗ್ನಲ್ಲಿನ ನಟ್ಟನಡುವೆ ಗಾಡಿ ನಿಲ್ಲಿಸಿಕೊಂಡು ಬೆವೆತವರಿಗೆ, ಒಬ್ಬರಿಗೂ ಗಟ್ಟಿಯಾಗಿ ಒಂದು ಮಾತು ಆಡಿಲ್ಲ, ಬೇಕರಿಯವರೂ ಮೊದಲ ದಿನ ಅದನ್ನೇ ಹೇಳಿದ್ದು, ನೀವು ಬೈಯಲ್ವಂತೆ ಮೇಡಂ, ಅದಕ್ಕೇ ಹುಡುಕ್ಕೊಂಡು ಬಂದೆ, ಈ ವಯಸ್ಸಲ್ಲಿ ಬೈಸ್ಕೊಳ್ಳೋ ಶಕ್ತಿ ಇಲ್ಲ, ಅವಳು ನಗಲು ಹೋಗಿ, ನಗದೆ ಸೀಟ್ ಬೆಲ್ಟು ತೋರಿಸಿದ್ದಳು, ಯಾಕೆಂದರೆ ಅದರ ಹಿಂದಿನ ವಾರವೇ ಅವಳ ಮಗಳು, ಹದಿಮೂರರ ಮಗಳು, ಸೈಕಲ್ಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡು ಒಂದಿಡೀ ದಿನ ತಾಯಿಗೆ ಹೇಳದೆ ಇದ್ದದ್ದು. ಆ ಸೆಕೆಯಲ್ಲಿ ತುಂಬುತೋಳಿನ ಅಂಗಿ, ಗುಂಡಿ ಹಾಕಿ, ಬೆರಳಿನ ಗೆಣ್ಣು ಮುಚ್ಚುವವರೆಗೆ ಎಳೆದುಕೊಂಡದ್ದು, ಊಟಕ್ಕೆ ಎಡಗೈಯಲ್ಲಿ ಚಮಚ ಹಿಡಿದಿದ್ದಾಳೆ ಹುಡುಗಿ, ತಾಯಿ ಎದುರಿಗೇ ಕೂತಿದ್ದಾಳೆ, ಹೇಳಿದ್ದು ಮಾತ್ರ ಏನು, ನೆಟ್ಟಗೆ ಕೂತು ತಿನ್ನು, ಚಮಚ ಹಿಡಿಯೋಕೂ ಬರಲ್ವಾ ನಿಂಗೆ — ಬಲಕ್ಕೆ ನೋಡಿ ಸರ್, ಕನ್ನಡಿ, ಕನ್ನಡಿ ನೋಡದೆ ತಿರುಗಿಸಬೇಡಿ — ಮಾರನೆಯ ದಿನ ಕೆಳಮನೆಯ ಟೈಲರ್ ಆಕೆಯೇ ಹುಡುಗಿಯನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದದ್ದು, ತೋಳು ಮೇಲಕ್ಕೆ ಸರಿಸಿದರೆ ಮಣಿಕಟ್ಟು ಊದಿ ನೀಲಿಗಟ್ಟಿತ್ತು, ಯಾಕೆ ಹೇಳಲಿಲ್ಲ ಪುಟ್ಟ ಎಂದು ಕೇಳಿದ್ದು ಟೈಲರ್, ಅಮ್ಮ ಬೈತಾಳೆ ಆಂಟಿ ಎಂದದ್ದು ಮಗಳು, ಆಂಟಿಗೆ, ಅಮ್ಮ ಅಲ್ಲೇ ಒಂದು ಗೇಣು ದೂರದಲ್ಲಿ ನಿಂತಿರುವಾಗ.

ಮಕ್ಕಳನ್ನು ಬೆಳೆಸುವುದು ಹೇಗೆಂದು ಕಲಿಸುವ ಕೋರ್ಸಿಗೆ ಸೇರುವುದಂತೂ ಖಂಡಿತ, ಯಾವುದಕ್ಕೆ ಎನ್ನುವುದಷ್ಟೇ ಉಳಿದಿದೆ, ಬೇಕರಿಯವರ ಈ ಕ್ಲಾಸು ಮುಗಿಯುವುದರೊಳಗೆ ಅದೂ ಇತ್ಯರ್ಥವಾಗಬೇಕು. ಗಂಡ ಕೇಳಿ ನಕ್ಕಿದ್ದ, ಮಕ್ಕಳನ್ನ ಬೆಳೆಸೋಕೆ ಕೋರ್ಸಾ, ನಮ್ಮಮ್ಮ ಯಾವ ಕೋರ್ಸಿಗೆ ಹೋಗಿದ್ಲು, ಹೋಗಿದ್ದಿದ್ರೆ ನಿಮ್ಮ ಮೂಗಿನ ತುದೀಲಿ ಈ ಸಿಟ್ಟು ಇರ್ತಿರಲಿಲ್ಲ ಎಂದಿದ್ದಳು ಅವಳು, ಆಮೇಲೆ ಅವನು ನಗಲಿಲ್ಲ, ಪಾಪ, ಪ್ಲಾಸ್ಟರ್ ಹಾಕಿಸುವಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತವನು ಅವನೇ. ಮೊಬೈಲಿನಲ್ಲಿ ಒಂದು ಕೋರ್ಸು ಇದೆ, ಚಿಕ್ಕ ಚಿಕ್ಕ ವಿಡಿಯೋ, ಅಡುಗೆ ಮಾಡುತ್ತ ನೋಡಬಹುದು, ಕೊನೆಗೆ ಸರ್ಟಿಫಿಕೇಟು, ಫ್ರೇಮು ಹಾಕಿಸಿ ಹಾಲಿನಲ್ಲಿ ನೇತುಹಾಕಿದರೆ ಮಗಳು ಏನೆಂದಾಳು, ಪರೀಕ್ಷೆ ಬರೆದು ಅಮ್ಮ ಆದೆಯಾ — ಸರ್ ಬ್ರೇಕ್, ಅವಳ ಕಾಲೇ ಮೊದಲು ಒತ್ತಿತು, ಅವಳ ಕಡೆಯ ಬ್ರೇಕು, ನಾಯಿ ಆರಾಮಾಗಿ ರಸ್ತೆ ದಾಟಿತು, ಸಾರಿ ಮೇಡಂ, ಪರವಾಗಿಲ್ಲ ಸರ್, ಎಲ್ರಿಗೂ ಆಗುತ್ತೆ — ಎಲ್ರಿಗೂ ಆಗುತ್ತೆ, ಈ ಎರಡು ಪದ ಮನೆಯ ಬಾಗಿಲು ದಾಟಿ ಒಳಗೆ ಬರುವುದೇ ಇಲ್ಲವಲ್ಲ, ಚಪ್ಪಲಿಯ ಜತೆ ಹೊರಗೇ ಉಳಿಯುತ್ತವಾ. ಇನ್ನೊಂದು, ದೊಡ್ಡ ಹೋಟೆಲಿನಲ್ಲಿ ನಡೆಯುವ ಎರಡು ದಿನದ ಶಿಬಿರ, ಕೋಟು ಹಾಕಿದವನು ವೇದಿಕೆ ಮೇಲೆ, ಜನ ಚಪ್ಪಾಳೆ, ಅತ್ತು ಹಗುರಾಗಿ ಮನೆಗೆ ಬರುತ್ತಾರಂತೆ, ತಾನು ಹಗುರಾಗಿ ಏನು ಪ್ರಯೋಜನ, ಅಳು ಬೇಕಾದರೆ ಈರುಳ್ಳಿ ಇದೆ. ಉಳಿದದ್ದು ಗ್ರಂಥಾಲಯದ ಮಹಡಿ, ಪ್ಲಾಸ್ಟಿಕ್ ಕುರ್ಚಿ, ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ನರ್ಸು ನಡೆಸುವುದು, ಏಳೆಂಟು ತಂದೆತಾಯಿ, ವಾರದಲ್ಲಿ ಆದ ಒಂದು ಜಗಳವನ್ನು ಅಲ್ಲಿ ಆಡಿ ತೋರಿಸಬೇಕಂತೆ, ತಮ್ಮ ಮಾತನ್ನು ಬೇರೆಯವರ ಬಾಯಲ್ಲಿ ಹೇಳಿಸಿ, ತಾವೇ ಮಗುವಿನ ಜಾಗದಲ್ಲಿ ಕೂತು ಕೇಳಿಸಿಕೊಳ್ಳಬೇಕಂತೆ. ಅದನ್ನು ಓದಿದ ಕೂಡಲೇ ಮೊಬೈಲನ್ನು ಮಗುಚಿ ಇಟ್ಟಿದ್ದಳು, ಬೇರೆ ಎರಡನ್ನು ಓದಿದಾಗ ಹಾಗೆ ಮಾಡಿರಲಿಲ್ಲ. ಹಾಗಾದರೆ ಅದೇ. ಹೆದರಿಕೆ ಆಗುವುದು ಅದೊಂದಕ್ಕೇ, ಅದೇ ಬೇಕು. ಶನಿವಾರ ಮಧ್ಯಾಹ್ನ ಇದೆ ಅದು, ಡ್ರೈವಿಂಗ್ ಸ್ಕೂಲಿನಲ್ಲಿ ಅತಿ ಹೆಚ್ಚು ಜನ ಬರುವ ಹೊತ್ತು, ಮಾಲೀಕ ಮುಖ ಊದಿಸಿಕೊಳ್ಳುತ್ತಾನೆ, ಊದಿಸಿಕೊಳ್ಳಲಿ, ಶನಿವಾರ ನಾನು ಬರಲ್ಲ ಎಂದು ಸಂಜೆಯೇ ಹೇಳುತ್ತಾಳೆ, ಕಾರಣ ಕೇಳಿದರೆ ಕಾರಣವನ್ನೂ ಹೇಳುತ್ತಾಳೆ, ನಾಚಿಕೆ ಎಂಥದು, ಈ ಬೇಕರಿಯವರು ಐವತ್ತು ದಾಟಿದ ಮೇಲೆ ಬಂದು ಕೂತಿಲ್ಲವೇ, ಬೆನ್ನೆಲ್ಲ ಬೆವರಿನಲ್ಲಿ ತೊಯ್ದಿದ್ದರೂ.

ಎಡಕ್ಕೆ ಹಾಕಿ ಸರ್, ಆ ಮರದ ಕೆಳಗೆ, ಒಂದು ಫೋನ್ ಮಾಡ್ಬೇಕು, ಬೇಕರಿಯವರು ನಿಲ್ಲಿಸಿದರು, ನೇರವಾಗಿಯೇ ನಿಲ್ಲಿಸಿದರು, ಆಮೇಲೆ ಮರ್ಯಾದೆಗೆ ಕಿಟಕಿ ಆಚೆ ನೋಡುತ್ತ ಕೂತರು, ಅತ್ತ ರಿಂಗು, ಮತ್ತೆ ರಿಂಗು, ಇಟ್ಟುಬಿಡಲೇ, ಇಡುವುದಿಲ್ಲ, ಹಲೋ, ಯಾರು ಎಂದು ಆ ನರ್ಸಿನ ವಯಸ್ಸಾದ ದನಿ, ಪಾತ್ರೆ ತೊಳೆಯುತ್ತಿದ್ದಿರಬೇಕು, ನೀರಿನ ಸದ್ದು. ಶನಿವಾರದ ಕ್ಲಾಸಿಗೆ ಸೇರ್ಬೇಕಿತ್ತು. ಸೇರಿ, ಮೊದಲನೇ ವಾರ ನೀವು ಏನೂ ಮಾತಾಡೋ ಹಾಗಿಲ್ಲ, ಬರೀ ಕೇಳಿಸ್ಕೊಬೇಕು, ಆಗುತ್ತಾ. ಆಗುತ್ತೆ. ಕಷ್ಟ ಅಂತಾರೆ ಸುಮಾರು ಜನ. ಕಷ್ಟ ಆದ್ರೂ ಬರ್ತೀನಿ. ನೀರಿನ ಸದ್ದು ನಿಂತಿತು. ಯಾಕೆ ಸೇರ್ಬೇಕು ಅನ್ನಿಸ್ತು ಅಂತ ಒಂದು ಮಾತು ಹೇಳಿ, ನಾನು ಎಲ್ರನ್ನೂ ಕೇಳ್ತೀನಿ. ಅದಕ್ಕೆ ಉತ್ತರ ಸಿದ್ಧವಿತ್ತು, ಬೆಳಿಗ್ಗೆಯಿಂದ ಜೋಡಿಸಿಟ್ಟದ್ದು, ಮಗಳು ದೊಡ್ಡವಳಾಗ್ತಿದ್ದಾಳೆ, ಹೊಂದಾಣಿಕೆ, ತಾಳ್ಮೆ, ಕೆಲಸದ ಒತ್ತಡ — ಒಂದೂ ಬಾಯಿಗೆ ಬರಲಿಲ್ಲ, ಬಂದದ್ದು ಆ ಸೆಕೆಯ ರಾತ್ರಿ, ಊಟದ ಮೇಜು, ಎಡಗೈಯಲ್ಲಿ ಚಮಚ, ಬಲಗೈ ಮೇಜಿನ ಮೇಲೆ ಬಂದೇ ಇಲ್ಲ, ಬಂದಿರಲಿಲ್ಲ, ಅವತ್ತು ಅದು ಕಂಡಿರಲಿಲ್ಲ, ಈಗ ಕಾಣುತ್ತಿದೆ, ಹಲೋ ಅಮ್ಮಾ ಇದ್ದೀರಾ, ಇದ್ದೀನಿ, ನನ್ನ ಮಗಳು ನನಗೆ ಹೆದರಿ ಮುರಿದ ಕೈ ಬಚ್ಚಿಟ್ಕೊಂಡ್ಲು, ಅಷ್ಟೇ ಹೇಳಿದಳು, ಕಣ್ಣೆದುರು ಮೇಜಿನ ಕೆಳಗೆ ತೊಡೆಯ ಮೇಲೆ ಆ ತೋಳು, ಹಾಕಿದ ಗುಂಡಿ, ಒಂದೇ ಕೈಯಲ್ಲಿ, ಎಡಗೈಯಲ್ಲಿ, ಎಷ್ಟು ಹೊತ್ತು ಒದ್ದಾಡಿ ಹಾಕಿಕೊಂಡಿರಬೇಕು ಆ ಗುಂಡಿ.