ಡೇರೆಯ ಹೊರಗಿನ ಜೋಡು

"ಬೂಟ್ ಬಿಚ್ಚಲೇ, ಹಲ್ಕಟ್ ಬಾಡ್ಯಾ! ಸಿಂಹಾಸನ ಹೊರಾಂವ ಬೂಟ್ ಹಾಕ್ಕೊಂತಾನೇನು?"

ಸಾಹೇಬರ ಕೂಗಿಗೆ ಸಿಂಹಾಸನದ ಮುಂದಿನ ಕಾಲು ಹಿಡಿದಿದ್ದ ದ್ಯಾಮಣ್ಣ ನಿಂತ. ಹಿಂದೆ ಹಿಡಿದಿದ್ದ ಡ್ರೈವರ್ ನೌಶಾದನೂ ನಿಂತ. ಇಬ್ಬರೂ ಗ್ಲೌಸು ಹಾಕಿದ ಕೈಗಳಿಂದ ಸಿಂಹಾಸನವನ್ನು ಅಂಗಳದ ನಡುವೆ ಇಳಿಸಿದರು. ದೋಹಾದ ಐನ್ ಖಾಲಿದ್ ಬಡಾವಣೆಯ ಜುಲೈ ಮಧ್ಯಾಹ್ನ. ಹಾಸುಗಲ್ಲು ಕಾದ ಹಂಚಾಗಿತ್ತು. ಈ ಹೊತ್ತಿನಲ್ಲಿ ಬಿಸಿಲಿಗೆ ದುಡಿಸಬಾರದೆಂಬ ಕಾನೂನು ಕಟ್ಟಡದ ಸೈಟಿಗೆ. ಸಾಹೇಬರ ವಿಲ್ಲಾಕ್ಕೆ ಯಾವ ಕಾನೂನು?

ಸಾಹೇಬರೆಂದರೆ ರಣಧೀರರಾವ್. ದೋಹಾದಲ್ಲಿ ಇವರಿಬ್ಬರ ಕಂಪನಿಯ ಮಾಲೀಕರು; ದ್ಯಾಮಣ್ಣನ ಊರಾದ ಹೊಸಗುಡ್ಡವೆಂಬ ಅಂಗೈಯಗಲದ ಸಂಸ್ಥಾನದ ಕೊನೆಯ ಕುಡಿ. ಒಳಗೆ ಏಸಿಯಲ್ಲಿ ಅತಿಥಿಗಳು ಶರಬತ್ತು ಹೀರುತ್ತಿದ್ದರು. ಬಾಗಿಲ ಮೇಲೆ ಬ್ಯಾನರು: 'ಬ್ರಿಟಿಷರಿಗೆ ತಲೆಬಾಗದ ಹೊಸಗುಡ್ಡ'. ಇವತ್ತಿನ ಭಾಷಣಕ್ಕೆಂದೇ ಸಿಂಹಾಸನ ಹಡಗು ಹತ್ತಿ ಬಂದಿತ್ತು.

"ಸೈಟ್‌ನ್ಯಾಗ ಬೂಟ್ ಬಿಚ್ಚಿದ್ರ ದಂಡ ಹಾಕ್ತೀರಿ, ಸಾಹೇಬ್ರ. ಇಲ್ಲಿ ಹಾಕ್ಕೊಂಡ್ರ ಬೈತೀರಿ," ಎಂದ ದ್ಯಾಮಣ್ಣ.

"ಎದುರು ಮಾತಾಡ್ತಿ? ನಿಮ್ಮ ಕೇರಿ ಮಂದಿ ನಮ್ಮ ವಾಡೆ ಮುಂದ ಕೆರ ತಲಿ ಮ್ಯಾಲ ಇಟ್ಕೊಂಡು ಹೋಗ್ತಿದ್ರಲೇ, ಮರತ್ಯೇನು? ಬಿಚ್ಚು! ಇಲ್ಲಾಂದ್ರ ಖಲಾಸ್. ನಾಳೆನ ವೀಸಾ ಕ್ಯಾನ್ಸಲ್."

"ಬಿಚ್ಚು ಮಾರಾಯ," ನೌಶಾದ್ ಪಿಸುಗುಟ್ಟಿದ. "ನಿನ್ನ ಮಗಳ ನರ್ಸಿಂಗ್ ಇನ್ನೂ ಮುಗೀಲಿಲ್ಲ. ಕಾಲು ಸುಟ್ಟರೆ ಮುಲಾಮು ಉಂಟು, ಕೆಲಸ ಹೋದರೆ ಏನುಂಟು?"

ಮಗಳ ಮುಖ ಕಣ್ಣಿಗೆ ಕಟ್ಟಿತು. ದ್ಯಾಮಣ್ಣ ಬಗ್ಗಿ ಲೇಸಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

ಅವನ ಮುತ್ಯಾನ ಅಪ್ಪ ಹೊಸಗುಡ್ಡದ ವಾಡೆಗೆ ಜೋಡು ಹೊಲಿಯುತ್ತಿದ್ದ. ಸಂಸ್ಥಾನದ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷ್ ಏಜೆಂಟ ಊರಾಚೆ ಡೇರೆ ಹೊಡೆದಾಗ ಬಿಟ್ಟಿ ಚಾಕರಿಗೆ ಅವನನ್ನೂ ಎಳೆದೊಯ್ದರು. ಆ ಬಿಳಿ ದೊರೆ ಬೂಟು ಹಾಕಿಕೊಂಡೇ ಕಾಲು ಚಾಚಿ ಕೂತಿದ್ದ. ಅವನ ಮುಂದೆ ಹೋಗಲು ಹೊಸಗುಡ್ಡದ ಮಹಾರಾಜರು ಜರಿಯ ಜೋಡು ಹೊರಗೆ ಬಿಚ್ಚಿ, ನಡು ಬಗ್ಗಿಸಿ, ಬರಿಗಾಲಲ್ಲಿ ಒಳಹೊಕ್ಕರು. ಆ ಜೋಡು ಕಾಯಲು ಕೂತವನು ಮುತ್ಯಾನ ಅಪ್ಪನೇ. ರಾಜರು ಬಗ್ಗಿದ್ದನ್ನು ಕಂಡದ್ದೇ ತಪ್ಪಾಯಿತು. ಮರುದಿನ ಅವನ ಅಂಗಾಲಿಗೆ ಕಾದ ಕಬ್ಬಿಣ ಇಟ್ಟರು. ಕೇರಿಯವರು ವಾಡೆಯ ಮುಂದೆ ಕೆರ ಮೆಟ್ಟಕೂಡದೆಂದು ಡಂಗುರ ಹೊಡೆಸಿದರು. ಸಾಯುವ ತನಕ ಅವನು ಕುಂಟಿದ. ಇದು ಯಾವ ಭಾಷಣದಲ್ಲೂ ಬರುವುದಿಲ್ಲ.

ದ್ಯಾಮಣ್ಣ ಲೇಸನ್ನು ಇನ್ನೂ ಬಿಗಿದು ಕಟ್ಟಿ ಎದ್ದ.

"ಏಜೆಂಟನ ಡೇರೆ ಹೊರಗ ನಿಮ್ಮ ಹಿರ್ಯಾರು ಬಿಚ್ಚಿದ ಜೋಡು ಕಾದಾಂವ ನಮ್ಮ ಮುತ್ಯಾನ ಅಪ್ಪ ರೀ!" ಎಂದ, ಒಳಗಿನವರಿಗೂ ಕೇಳುವಂತೆ. "ಬಿಚ್ಚೂದು ನಿಮ್ಮ ಮನಿತನದ ರೂಢಿ. ನೀವ ಬಿಚ್ರಿ. ನೀವ ಹೊತ್ಕೊಂಡು ಹೋಗ್ರಿ. ನಾ ಇಲ್ಲೆ ಕುಂತು ಕಾಯ್ತೀನಿ."

ಅತಿಥಿಗಳು ಬಾಗಿಲಿಗೆ ಬಂದು ಮುತ್ತಿದರು. "ನಾಳೆನ ನಿನ್ನ ಫ್ಲೈಟ್ ಹತ್ತಿಸ್ತೀನಿ, ಮಗನ!" ರಾವ್ ಚೀರಿದರು. ನೌಶಾದನ ಕಡೆ ತಿರುಗಿ, "ನೀ ಎತ್ತು!" ಎಂದರು.

"ಒಬ್ಬನಿಂದ ಆಗುದಿಲ್ಲ ಸಾರ್." ನೌಶಾದ್ ಗ್ಲೌಸು ಕಳಚಿ ಕಿಸೆಗಿಟ್ಟ.

ರಾವ್ ತಾವೇ ಬಗ್ಗಿ ಸಿಂಹಾಸನದ ಬೆಳ್ಳಿಯ ತೋಳಿಗೆ ಕೈ ಹಾಕಿದರು. ಚುರ್ರೆಂದು ಸುಟ್ಟಿತು. ಅಂಗೈ ಊದಿಕೊಳ್ಳುತ್ತ ಹಿಂದೆ ಸರಿದರು.

ದ್ಯಾಮಣ್ಣ ಸಿಂಹಾಸನ ತಂದಿದ್ದ ಪಿಕಪ್ಪಿನ ಹಿಂದುಗಡೆ ಹತ್ತಿ ಕೂತು, ಬೂಟಿನ ಕಾಲುಗಳನ್ನು ಅವರೆದುರು ಉದ್ದಕ್ಕೆ ಚಾಚಿದ.

"ನಿಮ್ಮ ಜೋಡು ಬಿಚ್ರಿ, ಸಾಹೇಬ್ರ."