ಪಾಯಿಂಟಪ್ಪನ ಕರಿಹಲಗೆ

‘ಸುಮಾರು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅನ್ನದಲ್ಲಿ ಕಲ್ಲು ಕಡಿದವನಂತೆ ಅವನ ಮುಖ ಕಿವುಚಿಕೊಳ್ಳುತ್ತಿತ್ತು. “ಸುಮಾರು ಹತ್ತು ಗಂಟೆಗೆ ಬರ್ತೀನಿ” ಎಂದವರನ್ನು, “ಸುಮಾರು ಅನ್ನೋದು ಗಡಿಯಾರದಲ್ಲಿ ಎಲ್ಲಿದೆ, ತೋರಿಸಿ ನೋಡೋಣ” ಎಂದು ಅಲ್ಲೇ ನಿಲ್ಲಿಸಿಬಿಡುತ್ತಿದ್ದ. ಮದುವೆಯಾದ ಹೊಸತರಲ್ಲಿ ಹೆಂಡತಿ, ಪಾಪ, “ಜ್ವರ ಬಂದ ಹಾಗಿದೆ ರೀ” ಎಂದಳಂತೆ. ಇವನು ಹಣೆ ಮುಟ್ಟುವುದನ್ನು ಬಿಟ್ಟು ಥರ್ಮಾಮೀಟರ್ ತಂದು, “ನೂರೊಂದು ಪಾಯಿಂಟ್ ನಾಲ್ಕು” ಎಂದು ಘೋಷಿಸಿದನಂತೆ. ಆಕೆ ಈ ಕಥೆಯನ್ನು ಎಲ್ಲರಿಗೂ ನಗುನಗುತ್ತಲೇ ಹೇಳುತ್ತಿದ್ದಳು. ಹಣೆ ಮುಟ್ಟದ ಭಾಗಕ್ಕೆ ಬಂದಾಗ ಮಾತ್ರ ನಗು ಕೊಂಚ ತಡೆಯುತ್ತಿತ್ತು. ಹೀಗೆ ಊರಿಗೆಲ್ಲ ಅವನು ಪಾಯಿಂಟಪ್ಪನಾದ.

ಅವನ ಕೆಲಸವೂ ಅಂಥದ್ದೇ. ಕೃಷಿ ಕಚೇರಿಯ ತಾರಸಿಯ ಮೇಲೆ ಮಳೆ ಅಳೆಯುವ ಡಬ್ಬಿ, ಗಾಳಿಯ ದಿಕ್ಕು ತೋರುವ ಬಾಣ, ಇವುಗಳ ಜೊತೆಗೆ ಗಾಳಿಯನ್ನು ಒಳಗೆಳೆದು ಅದರೊಳಗಿನ ಧೂಳು-ಹೊಗೆಗಳ ಲೆಕ್ಕ ಕೊಡುವ ಒಂದು ಯಂತ್ರ. ಬೆಳಿಗ್ಗೆ ಆರಕ್ಕೆ ಮೇಲೆ ಹತ್ತಿ, ಯಂತ್ರದೊಳಗಿನ ಧೂಳು ಸೋಸುವ ಬಿಳಿಯ ಕಾಗದವನ್ನು ಚಿಮಟದಿಂದ ಎತ್ತಿ, ಹೊಸದು ಹಾಕಿ, ಅಂಕಿ ನೋಡಿಕೊಂಡು ಇಳಿದು, ಬಾಗಿಲ ಪಕ್ಕದ ಕರಿಹಲಗೆಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಿದ್ದ. ಬೂದಿಬಣ್ಣದ ಒಂದು ಕೋಟು. ಸುಡುಬಿಸಿಲಿನಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ, ಏಕೆಂದರೆ ಸೀಮೆಸುಣ್ಣ ಇಡಲು ಅದಕ್ಕೆ ಪ್ರತ್ಯೇಕ ಜೇಬಿತ್ತು. ಆಕಾಶ ನೋಡುತ್ತಲೇ ನಡೆಯುವ ಅಭ್ಯಾಸದಿಂದ ವರ್ಷಕ್ಕೆರಡು ಬಾರಿಯಾದರೂ ಚರಂಡಿಗೆ ಕಾಲಿಡುತ್ತಿದ್ದ. ಆಗಲೂ ಆಳ ಎಷ್ಟೆಂದು ಹೇಳದೆ ಏಳುತ್ತಿರಲಿಲ್ಲವೆಂದು ಚಹಾ ಅಂಗಡಿಯವನು ಆಡಿಕೊಳ್ಳುತ್ತಿದ್ದ, ಅದು ಬೇರೆ ಮಾತು.

ಆ ಊರಿನ ಸುತ್ತ ಕಬ್ಬೋ ಕಬ್ಬು. ಮಳೆಗಾಲದಲ್ಲಿ ಗಾಳಿ ತೊಳೆದಿಟ್ಟ ಗಾಜಿನಂತಿರುವುದು. ಕಟಾವು ಮುಗಿದು, ಹೊಲಗಳಲ್ಲಿ ಉಳಿದ ಕಬ್ಬಿನ ಒಣಗರಿಗೆ, ಅಂದರೆ ರವದಿಗೆ, ಬೆಂಕಿಯಿಡುವ ತಿಂಗಳುಗಳಲ್ಲಿ ಮಾತ್ರ ಕರಿಯ ಎಳೆಗಳು ತೇಲಿಬಂದು ಒಣಹಾಕಿದ ಬಟ್ಟೆಯ ಮೇಲೆ, ಮಗುವಿನ ಹಾಲಿನ ಲೋಟದೊಳಗೆ ಕೂರುತ್ತಿದ್ದವು. ಗಾಳಿಯಾಡದ ತಣ್ಣನೆಯ ಬೆಳಗಿನಲ್ಲಂತೂ ಹೊಗೆ ಮೇಲೇರಲಾರದೆ ಬೀದಿಯಲ್ಲೇ ಮಲಗಿರುವುದು. ಅದಕ್ಕೇ ಒಂದು ಕಟ್ಟಳೆ ಮಾಡಿದ್ದರು: ಹಲಗೆಯ ಮೇಲಿನ ಅಂಕಿ ನೂರೈವತ್ತು ದಾಟಿದ ದಿನ ಯಾರೂ ಬೆಂಕಿ ಇಡಕೂಡದು. ರೈತರು ಬೈದುಕೊಂಡರೂ ಮೀರುತ್ತಿರಲಿಲ್ಲ. ಪಾಯಿಂಟಪ್ಪ ಬರೆದನೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ಆ ವರ್ಷ ಮಳೆ ಬೇಗ ಬರುವ ಸೂಚನೆಯಿತ್ತು. ಗಾಳಿ ನಿಂತುಹೋಗಿ ಹಲಗೆಯ ಅಂಕಿ ಒಂಬತ್ತು ದಿನದಿಂದ ನೂರೈವತ್ತರ ಕೆಳಗೆ ಇಳಿದಿರಲಿಲ್ಲ. ಹತ್ತನೆಯ ಬೆಳಿಗ್ಗೆ ಅವನು ತಾರಸಿಯಿಂದ ಇಳಿಯುವಷ್ಟರಲ್ಲಿ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ತಾಯಿ ಹೋದಾಗ ಇವನಿಗೆ ನಾಲ್ಕು ವರ್ಷ, ಅವಳಿಗೆ ಹದಿನೈದು. ಕಂಕುಳಲ್ಲಿ ಎತ್ತಿ ಬೆಳೆಸಿದವಳು, ಈ ತನಕ ತಮ್ಮನ ಮುಂದೆ ಕೈಚಾಚಿದವಳಲ್ಲ.

“ಎಷ್ಟೋ ಇವತ್ತು?”

“ಇನ್ನೂರಹನ್ನೆರಡು.”

“ನಾಳೆ ಮಳೆ ಅಂತೀಯ. ರವದಿ ನೆಂದ್ರೆ ಕೊಳೆತು ಹೋಗತ್ತೆ, ಅದರಡಿ ಚಿಗುರೂ ಹೋಗತ್ತೆ. ಆಳುಗಳು ಇವತ್ತೊಂದೇ ದಿನ ಸಿಕ್ಕಿರೋದು. ಒಂದು ಹೊಲ ಕಣೋ. ಒಂದೇ ಒಂದು ಹೊಲದ ಹೊಗೆಯಿಂದ ಏನಾಗತ್ತೆ?”

“ಅಕ್ಕಾ, ಅಂಕಿ ನನ್ನದಲ್ಲ.”

“ಅಂಕಿ ನಿನ್ನದಲ್ಲ, ಅಕ್ಕನೂ ನಿನ್ನವಳಲ್ಲ. ಆಯ್ತು ಬಿಡು,” ಎಂದು ಅವಳು ಸೆರಗು ಕೊಡವಿ ಎದ್ದಳು.

ಅವಳು ಎದ್ದ ರೀತಿ, ಮಂಡಿ ಹಿಡಿದುಕೊಂಡು ಗೋಡೆಗೆ ಆತು ಎದ್ದ ಆ ರೀತಿ, ಅವನನ್ನು ಸೋಲಿಸಿತು. ಹಲಗೆಗೆ ಹೋದ. ಮೊದಲ ಎರಡರ ಜಾಗದಲ್ಲಿ ಒಂದು ಬರೆದ. ನೂರಹನ್ನೆರಡು. ಬರೆಯುವಾಗ ಅವನ ಕಣ್ಣೆದುರು ಇದ್ದದ್ದು ಅಕ್ಕನ ಹೊಲ ಒಂದೇ. ಆದರೆ ಹಲಗೆ ಬೀದಿಯಲ್ಲಿತ್ತು, ಊರೆಲ್ಲ ಓದುವಂಥದ್ದು. ಎಂಟು ಗಂಟೆಯ ಹೊತ್ತಿಗೆ ಹನ್ನೊಂದು ಹೊಲಗಳಲ್ಲಿ ಬೆಂಕಿ ಎದ್ದಿತು.

ಕಚೇರಿಯ ಎದುರು ಮನೆಯಲ್ಲಿ ಸಂಗೀತದ ಟೀಚರ್ ಇದ್ದರು. ಉಬ್ಬಸದ ದೇಹ, ಎದುರಿನ ಹಲಗೆ ನೋಡಿಯೇ ಕಿಟಕಿ ತೆರೆಯುವುದೋ ಮುಚ್ಚುವುದೋ ಎಂದು ತೀರ್ಮಾನಿಸುವವರು. ತೆರೆದ ದಿನ ಮಕ್ಕಳ ಸ್ವರಾಭ್ಯಾಸ ಬೀದಿಗೆಲ್ಲ ಕೇಳಿಸುವುದು, ಅದರಲ್ಲಿ ಒಂದಾದರೂ ಅಪಸ್ವರ ಇದ್ದೇ ಇರುವುದು. ಅಂದು ಅವರು ಎಲ್ಲ ಕಿಟಕಿಗಳನ್ನೂ ತೆರೆದರು. ಮಧ್ಯಾಹ್ನ ಅವರನ್ನು ಆಸ್ಪತ್ರೆಗೆ ಒಯ್ದರು. ತುಟಿ ನೀಲಿಯಾಗಿತ್ತಂತೆ.

ಹದಿನಾಲ್ಕು ದಿನಕ್ಕೆ ಮರಳಿ ಬಂದವರು, ಗೋಡೆ ಹಿಡಿದುಕೊಂಡು ರಸ್ತೆ ದಾಟಿ ಇವನ ಬಳಿಯೇ ಬಂದರು.

“ಅವತ್ತು ಬೆಳಿಗ್ಗೆನೇ ಎದೆ ಬಿಗಿ ಹಿಡಿದಿತ್ತು ಕಣಪ್ಪಾ. ನಾನೇ ಅದಕ್ಕೆ ಬೈದೆ. ಸುಮ್ನಿರು, ಪಾಯಿಂಟಪ್ಪ ನೂರಹನ್ನೆರಡು ಬರೆದಿದಾನೆ, ನಿಂದೇನು ನಾಟಕ ಅಂತ.”

ಇನ್ನೂರಹನ್ನೆರಡು ಎಂದು ಹೇಳಲು ಇವನು ಬಾಯಿ ತೆರೆದ. ಹೊರಬಂದದ್ದು ಬೇರೆ. “ಅವತ್ತು ಗಾಳಿ... ಸುಮಾರಾಗಿತ್ತು, ಟೀಚರ್.”

“ಅಯ್ಯೋ, ನೀನು ಸುಮಾರು ಅಂದ್ಯಾ!” ಎಂದು ಆಕೆ ಕೆಮ್ಮುತ್ತಾ ನಕ್ಕರು. ಅವನೂ ನಕ್ಕ. ಆ ನಗುವಿಗಾಗಿ ಅವನು ಆಮೇಲೆ ತನ್ನನ್ನು ತಾನು ಎಷ್ಟು ಶಪಿಸಿಕೊಂಡನೆಂಬುದನ್ನು ಅವನ ಹೆಂಡತಿಯೇ ಬಲ್ಲಳು. ಆಕೆ ಬಡಿಸಿದ ತಟ್ಟೆ ಹಾಗೇ ಉಳಿಯುತ್ತಿತ್ತು.

ಮಳೆಗಾಲ ಹಿಡಿದು ಕೂತಿತು. ಗಾಳಿ ತಿಳಿಯಾಯಿತು. ಹಲಗೆಯ ಮೇಲೆ ಇಪ್ಪತ್ತೆರಡು, ಹತ್ತೊಂಬತ್ತು, ಹದಿನೆಂಟು. ಎದುರಿನ ಕಿಟಕಿ ಮಾತ್ರ ತೆರೆಯಲಿಲ್ಲ, ಮಕ್ಕಳೂ ಬರಲಿಲ್ಲ. ಅಂಕಿಯನ್ನು ಇನ್ನಷ್ಟು ದಪ್ಪಗೆ ಬರೆದ, ಬಣ್ಣದ ಸೀಮೆಸುಣ್ಣದಲ್ಲಿ ಬರೆದ. ಮೂರು ತಿಂಗಳಾದರೂ ಅಷ್ಟೇ. ಕೊನೆಗೆ ಅವರ ಮನೆಗೆಲಸದವಳನ್ನು ಕೇಳಿದ.

“ಹದಿನೆಂಟು ಅಂತ ನಾನೂ ಹೇಳ್ದೆ ಅಣ್ಣಾ. ಅವ್ರು, ನೂರಹನ್ನೆರಡಕ್ಕೇ ಬಿದ್ದೋಳು ನಾನು, ಶ್ವಾಸಕೋಶ ಮುಗೀತು, ಇನ್ನು ಹದಿನೆಂಟೂ ತಡೆಯಲ್ಲ ಅಂತಾರೆ. ತಂಬೂರಿಗೆ ಗವಸು ಹಾಕಿಸಿಬಿಟ್ರು.”

ಅವನು ಮಳೆಯಲ್ಲೇ ರಸ್ತೆ ದಾಟಿದ. ಒಳಗೆ ಬಾ ಎಂದರೂ ಹೊಸಿಲು ದಾಟಲಿಲ್ಲ. ಕೋಟಿನಿಂದ ನೀರು ಸುರಿಯುತ್ತಿತ್ತು.

“ಟೀಚರ್, ಅವತ್ತು ಇನ್ನೂರಹನ್ನೆರಡು ಇತ್ತು. ನೂರಹನ್ನೆರಡು ಅಂತ ಬರೆದೋನು ನಾನು. ಗೊತ್ತಿದ್ದೂ ಬರೆದೆ.” ಅಕ್ಕನ ಹೆಸರು ಎತ್ತಲಿಲ್ಲ.

ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ, “ಹಾಗಾದ್ರೆ ನನ್ನ ಎದೆ ಸುಳ್ಳು ಹೇಳಿರಲಿಲ್ಲ,” ಎಂದರು, ಇವನಿಗಲ್ಲ, ತಮಗೇ. “ಮೂರು ತಿಂಗಳು ಈ ಕತ್ತಲೆಕೋಣೇಲಿ ಸಾಯೋ ದಿನ ಕಾಯ್ತಾ ಕೂತಿದ್ದೆ. ನೀನು ಎದುರುಗಡೆ ನಿಂತು ಬಣ್ಣದ ಸೀಮೆಸುಣ್ಣದಲ್ಲಿ ಬರೀತಿದ್ದೆ. ಹೋಗು. ಇವತ್ತು ನಿನ್ನ ಮುಖ ನೋಡಕ್ಕಾಗಲ್ಲ.”

ಅವನು ಅಲ್ಲಿಂದ ನೇರ ಕಚೇರಿಯ ಸಾಹೇಬರ ಬಳಿ ಹೋಗಿ ಲಿಖಿತವಾಗಿ ಒಪ್ಪಿಕೊಂಡ. ಅವರು ಕಾಗದ ಮಡಚಿ, “ಹಳೇ ಕಥೆ, ಬಿಡಿ ಮಾರಾಯ್ರೆ, ಯಾರು ಕೇಳಿದ್ರು ನಿಮ್ಮನ್ನ?” ಎಂದರು. ಶಿಕ್ಷೆಯಾಗಿದ್ದರೆ ಅವನಿಗೆ ಒಂದು ತುತ್ತಾದರೂ ಇಳಿಯುತ್ತಿತ್ತೇನೋ. ವಿಷಯ ತಿಳಿದ ಅಕ್ಕ ಮಾತ್ರ, “ಕೇಳಿದೋಳು ನಾನು, ತಲೆ ತಗ್ಗಿಸಿದೋನು ನೀನು,” ಎಂದು ಅತ್ತು, ಅಂದಿನಿಂದ ತನ್ನ ಹೊಲದ ರವದಿಗೆ ಬೆಂಕಿ ತೋರಲಿಲ್ಲ. ಮಂಡಿನೋವಿನಲ್ಲೇ ಅದನ್ನು ಕೊಚ್ಚಿ ಮಣ್ಣಿಗೆ ಸೇರಿಸುತ್ತಿದ್ದಳು.

ಎರಡು ದಿನ ಬಿಟ್ಟು ಟೀಚರ್ ಕಿಟಕಿ ತೆರೆದರು, ಮಕ್ಕಳು ಬಂದರು. ಅವನೊಡನೆ ಮಾತ್ರ ಅವರು ಮುಂದೆಂದೂ ಮಾತಾಡಲಿಲ್ಲ. ಅವನೂ ಅದನ್ನು ನಿರೀಕ್ಷಿಸಲಿಲ್ಲ.

ಸುಳ್ಳನ್ನೇ ಹಾಸಿ ಹೊದೆಯುವ ಜನರಿಗೆ ಒಂದು ಸುಳ್ಳು ಹೆಚ್ಚಾದರೆ ಭಾರವಾಗದು. ಆದರೆ ಇಂಥವರಿದ್ದಾರೆ: ಊರು ತನ್ನ ಉಸಿರನ್ನೇ ಅವರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಇರುತ್ತದೆ, ಅವರು ಬಾಳಿನಲ್ಲಿ ಒಮ್ಮೆ, ಅದೂ ಪ್ರೀತಿಗೆ ಸೋತು, ಕೈತಪ್ಪುತ್ತಾರೆ. ಅಂಥವರು ಕ್ಷಮೆ ಕೇಳಲು ಬರುವುದಿಲ್ಲ. ಕ್ಷಮೆ ಸಿಕ್ಕಿದರೆ ಅದನ್ನೆಲ್ಲಿ ಇಟ್ಟುಕೊಳ್ಳುವುದೆಂದೂ ಅವರಿಗೆ ತಿಳಿಯದು. ನಮ್ಮ ಎದೆ ನಮಗೆ ಹೇಳಿದ್ದು ನಿಜವೇ ಆಗಿತ್ತು ಎಂಬಷ್ಟನ್ನು ಹಿಂದಕ್ಕೆ ಕೊಡಲು, ಒದ್ದೆ ಬಟ್ಟೆಯಲ್ಲಿ, ತಡವಾಗಿ ಬಂದು, ಹೊಸಿಲ ಆಚೆಯೇ ನಿಂತು, ಹೊರಟುಹೋಗುತ್ತಾರೆ.