ತಂತಿಯೋ ಪ್ಲೇಟೋ

ನಾಗಲಕ್ಷ್ಮಿಯ ಬಲಗೈ ಮುರಿದದ್ದು ಬಟ್ಟೆಯ ಗಂಟು ಹೊತ್ತು ಆಟೋದಿಂದ ಇಳಿಯುವಾಗ ಬಿದ್ದು. ಬಳ್ಳಾರಿಯ ಎಲುಬಿನ ಡಾಕ್ಟರು ಎಕ್ಸರೇ ಹಿಡಿದು ತೋರಿಸಿದರು. ಉಂಗುರದ ಬೆರಳಿಗೆ ಸೇರಿದ ಅಂಗೈ ಎಲುಬು ಓರೆಯಾಗಿ ಮುರಿದಿತ್ತು.

"ಎರಡು ದಾರಿ ಅದಾವಮ್ಮ. ಮೇಲಿಂದನ ತಂತಿ ಚುಚ್ಚಿ ಎಲುಬು ಕೂಡಿಸ್ತೀವಿ. ಕೊಯ್ಯೋದಿಲ್ಲ, ಆದ್ರ ತಿಂಗಳು ಕೈ ಅಲ್ಲಾಡಿಸಂಗಿಲ್ಲ. ಇಲ್ಲಾ, ಕೊಯ್ದು ಪ್ಲೇಟಿಟ್ಟು ಸ್ಕ್ರೂ ಹಾಕ್ತೀವಿ. ಬೆರಳು ಲಗೂನ ಆಡಿಸಬಹುದು, ಆದ್ರ ಒಳಗ ನರ ಅಂಟಿಕೊಂಡ್ರ ಬಿಗೀತೈತಿ. ಎರಡೂ ನಡೀತಾವ. ವಾರದೊಳಗ ಬರ್ರಿ."

ಎರಡೂ ನಡೆಯುತ್ತವೆ ಎಂಬ ಮಾತೇ ಅವಳ ನಿದ್ದೆ ಕೆಡಿಸಿತು. ಒಂದೇ ಹೇಳಿದ್ದರೆ ಕಣ್ಣು ಮುಚ್ಚಿ ಒಪ್ಪುತ್ತಿದ್ದಳು. ರಾಯದುರ್ಗದಲ್ಲಿ ಹದಿನಾರು ವರ್ಷ ಜೀನ್ಸ್ ಹೊಲಿದ ಕೈ ಅದು. ಆ ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ಒತ್ತಿ ತಿರುಗಿಸಲು ಬೆರಳು ಮಡಚದಿದ್ದರೆ ಅವಳ ಕಸುಬು ಮುಗಿದಂತೆಯೇ.

"ಡಾಕ್ಟ್ರನ್ನ ಕೇಳು, ಅವ್ರು ಹೇಳಿದಂಗ ಮಾಡ್ಸೋಣು," ಎಂದ ಗಂಡ ಸಿದ್ದರಾಮೇಶ್. ಇವಳು ಕೇಳಬೇಕಲ್ಲ! ಡಾಕ್ಟರಿಗೆ ಹೊಲಿಗೆ ಏನು ಗೊತ್ತು? ಮುರಿದ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು, ಚೀಲದಲ್ಲಿ ಜೀನ್ಸ್ ಬಟ್ಟೆಯ ಒಂದು ಪಟ್ಟಿ ಇಟ್ಟುಕೊಂಡು, ರಿಪೇರಿಯಾದ ಕೈಗಳ ತಪಾಸಣೆಗೆ ಹೊರಟೇಬಿಟ್ಟಳು.

ಕಣೇಕಲ್ಲಿನ ಹಂಪಕ್ಕನಿಗೆ ತಂತಿ ಹಾಕಿದ್ದರು. "ಇದನ್ನ ಹಿಡಿದು ತಿರುಗಿಸಕ್ಕಾ." ಹಂಪಕ್ಕ ತಿರುಗಿಸಿದಳು, ಆದರೆ ಒಂದು ಬೆರಳು ಅಂಗೈ ಮುಟ್ಟಲಿಲ್ಲ. ಹಾಗಾದರೆ ಪ್ಲೇಟೇ ಸರಿ ಎಂದುಕೊಂಡಳು ನಾಗಲಕ್ಷ್ಮಿ. ಮೂರು ದಿನ ಬಿಟ್ಟು ಭೈರವಾನಿತಿಪ್ಪದ ನರಸಪ್ಪನ ಮನೆಗೆ ಹೋದಳು. ಪ್ಲೇಟು ಹಾಕಿಸಿಕೊಂಡ ಅವನ ಮುಷ್ಟಿ ಗಟ್ಟಿಯಾಗಿತ್ತು. "ಆದ್ರ ಚಳಿ ಬಂತಂದ್ರ ಒಳಗ ಹಿಂಡ್ತೈತವ್ವಾ," ಎಂದ. ಮತ್ತೆ ತಂತಿಯೇ ಮೇಲು ಅನ್ನಿಸಿತು. ಗುಮ್ಮಗಟ್ಟದಲ್ಲಿ ಇನ್ನೊಬ್ಬರಿದ್ದಾರೆಂದು ಕೇಳಿ ಅಲ್ಲಿಗೂ ಹೋದಳು. ಅಷ್ಟರಲ್ಲಿ ಊತ ಇಳಿದು ನೋವು ಕಡಿಮೆಯಾಗಿತ್ತು. ಅದನ್ನೇ ಒಳ್ಳೆಯ ಲಕ್ಷಣವೆಂದುಕೊಂಡಳು, ಪುಣ್ಯಾತಗಿತ್ತಿ.

ಹದಿನೇಳನೇ ದಿನ ಬಳ್ಳಾರಿಗೆ ಹೋದಾಗ ಡಾಕ್ಟರು ಬೆರಳು ಮಡಚಲು ಹೇಳಿದರು. ಉಂಗುರದ ಬೆರಳು ಕಿರುಬೆರಳಿನ ಮೇಲೆ ಹತ್ತಿ ಕೂತಿತು.

"ಎಲುಬು ಸೊಟ್ಟಗ ಕೂಡಾಕ ಹತ್ತೈತಿ. ಇನ್ನ ಬರೇ ತಂತಿ ಆಗಂಗಿಲ್ಲ. ಕೊಯ್ದು, ಕೂಡಿದ್ದನ್ನ ಬಿಡಿಸಿ, ಪ್ಲೇಟು ಹಾಕಬೇಕು. ಇಷ್ಟು ದಿನ ಎಲ್ಲಿದ್ರಿ?"

ಚೀಲದಲ್ಲಿದ್ದ ಆ ಜೀನ್ಸ್ ಪಟ್ಟಿಯನ್ನು ಎಡಗೈಯಲ್ಲಿ ಹಿಂಡಿ ಹಿಡಿದು ನಾಗಲಕ್ಷ್ಮಿ ಗಳಗಳನೆ ಅತ್ತಳು.

ಈಗ ಆರು ತಿಂಗಳಾಯಿತು. ಬೆರಳು ನೆಟ್ಟಗಾಗಿದೆ, ಪೂರ್ತಿ ಮಡಚುವುದಿಲ್ಲ. ಮೊದಲು ಹೊಲಿಯುತ್ತಿದ್ದುದರ ಅರ್ಧದಷ್ಟು ಹೊಲಿಯುತ್ತಾಳೆ. ಮೊನ್ನೆ ಪಕ್ಕದ ಬೀದಿಯ ಹೇಮಾ ಕೈಗೆ ಕಟ್ಟು ಹಾಕಿಕೊಂಡು ಬಾಗಿಲಿಗೆ ಬಂದಳು.

"ಅಕ್ಕಾ, ನಿಮಗ ಪ್ಲೇಟು ಹಾಕ್ಯಾರಂತಲ್ರಿ. ಒಂಚೂರು ಕೈ ತೋರಿಸ್ರಿ, ನೋಡ್ತೀನಿ."

ನಾಗಲಕ್ಷ್ಮಿ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಯಾವಾಗ ಮುರೀತು?"

"ನಾಕು ದಿನ ಆತ್ರಿ."

"ಮತ್ತ ನನ್ನ ಮನೀಗ ಯಾಕ ಬಂದಿ? ನಡಿ, ಬಳ್ಳಾರಿ ಬಸ್ಸಿಗೆ ನಾನೂ ಬರ್ತೀನಿ," ಎಂದು ಅರ್ಧ ಹೊಲಿದ ಪ್ಯಾಂಟನ್ನು ಮಿಷಿನ್ನಿನಲ್ಲೇ ಬಿಟ್ಟು ಎದ್ದಳು.